ಇನ್ನು ಮುಂದೆ ಯೋಜನೆ ಇಲ್ಲದೆ ಕಳೆ ಕಡಿಯುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ಹಂಗಾಮಿನಿಂದ ನಮ್ಮ ಸಹಕಾರಿ ಸಂಘ ಲಿಖಿತ ಯೋಜನೆ ಇಲ್ಲದ ಯಾವ ಜಮೀನಿನಲ್ಲೂ ಆಕ್ರಮಣಕಾರಿ ಸಸ್ಯಗಳ, ಅಂದರೆ ಹೊರಗಿನಿಂದ ಬಂದು ಸ್ಥಳೀಯ ಗಿಡಗಳನ್ನು ಒತ್ತರಿಸುವ ಕಳೆಗಳ, ತೆರವಿನ ಕೆಲಸ ಹಿಡಿಯುವುದಿಲ್ಲ. ಇಷ್ಟು ದಿನ ನೀವು ಫೋನ್ ಮಾಡಿದರೆ ವಾರದೊಳಗೆ ಆಳು, ಯಂತ್ರ ಕಳುಹಿಸುತ್ತಿದ್ದೆವು. ಇನ್ನು ಮೊದಲು ಜಮೀನನ್ನು ನಡೆದು ನೋಡುತ್ತೇವೆ, ನಕ್ಷೆ ಹಾಕುತ್ತೇವೆ, ಕನಿಷ್ಠ ಮೂರು ವರ್ಷದ ಕೆಲಸವನ್ನು ಬರೆದಿಡುತ್ತೇವೆ. ಅನುದಾನ ಕೇಳುವುದಿದ್ದರೆ ಮಂಜೂರಾತಿ ಪತ್ರ ನಿಮ್ಮ ಕೈಗೆ ಬರುವವರೆಗೆ ಕಾಯುತ್ತೇವೆ. ಮೊದಲ ಗಿಡಕ್ಕೆ ಕತ್ತಿ ಬೀಳುವುದು ಆಮೇಲೆಯೇ. ಇದರಿಂದ ಕೆಲವರ ಕೆಲಸ ಒಂದು ಹಂಗಾಮು ತಡವಾಗಬಹುದು. ಆದರೂ ಈ ನಿರ್ಧಾರಕ್ಕೆ ಏಕೆ ಬಂದೆವು ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ತಪ್ಪೂ ಇದೆ.

ನಮ್ಮ ಗ್ರಾಹಕರೊಬ್ಬರು ಲಂಟಾನ ಎಂಬ ಪೊದೆ ಕಳೆಯ ತೆರವಿಗೆ ಅನುದಾನ ಕೋರಿ ಅರ್ಜಿ ಹಾಕಿದ್ದರು. ಮಳೆ ಹತ್ತಿರ ಬಂದಿತ್ತು. ‘ಕೆಲಸ ಶುರು ಮಾಡಿಬಿಡಿ, ಕಾಗದ ಹಿಂದಿನಿಂದ ಬರುತ್ತದೆ’ ಎಂದು ಅವರಿಗೆ ಹೇಳಿದ್ದು ನಮ್ಮವರೇ. ಅವರು ನಂಬಿಕೆಯಿಂದ ಶುರು ಮಾಡಿದರು. ಕಡಿದು ರಾಶಿ ಹಾಕಿದ ಪೊದೆಗಳ ಫೋಟೋವನ್ನು, ತಾವು ಎಷ್ಟು ಶ್ರದ್ಧೆಯಿಂದ ತೊಡಗಿದ್ದೇವೆ ಎಂದು ತೋರಿಸಲು, ಅರ್ಜಿಗೆ ಸೇರಿಸಲು ಕಳುಹಿಸಿದರು. ಅರ್ಜಿ ತಿರಸ್ಕೃತವಾಗಿದ್ದು ಅದೇ ಫೋಟೋದಿಂದ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಮಾಡಿದ ಖರ್ಚನ್ನು ಹೆಚ್ಚಿನ ಅನುದಾನ ಯೋಜನೆಗಳು ಭರಿಸುವುದಿಲ್ಲ. ಕೆಲವು ಕಡೆ ಕೆಲಸ ಆರಂಭವಾಗಿದೆ ಎಂದು ಗೊತ್ತಾದರೆ ಇಡೀ ಅರ್ಜಿಯೇ ಬಿದ್ದುಹೋಗುತ್ತದೆ. ಇದು ನಮಗೆ ಗೊತ್ತಿರಬೇಕಿತ್ತು. ಅವರಿಂದ ಪಡೆದ ಶುಲ್ಕವನ್ನು ಹಿಂದಿರುಗಿಸಿದ್ದೇವೆ. ಅವರು ಕಳೆದುಕೊಂಡ ಅನುದಾನವನ್ನು ತಂದುಕೊಡಲು ನಮ್ಮಿಂದ ಆಗಲಿಲ್ಲ. ಆ ನೋವು ನಮಗೆ ಇನ್ನೂ ಇದೆ.

ಎರಡನೆಯ ಕಾರಣ ನೆಲದಲ್ಲೇ ಇದೆ. ಲಂಟಾನವನ್ನು ಗೇಣುದ್ದ ಬುಡ ಬಿಟ್ಟು ಕಡಿದರೆ ಆ ದಿನಕ್ಕೆ ಜಮೀನು ಹಸನಾಗಿ ಕಾಣುತ್ತದೆ. ಎರಡು ಮಳೆ ಬಿದ್ದ ಮೇಲೆ ಅದೇ ಬುಡದ ಪಕ್ಕ ಕುಳಿತು ನೋಡಿ: ಒಂದು ಕಾಂಡ ಇದ್ದ ಜಾಗದಲ್ಲಿ ಸುತ್ತಲೂ ಹೊಸ ಚಿಗುರುಗಳು ಒತ್ತೊತ್ತಾಗಿ ಎದ್ದಿರುತ್ತವೆ. ಕಾಂಡವೂ ಬೇರೂ ಕೂಡುವ ಗಂಟಿನಲ್ಲೇ ಈ ಗಿಡದ ಚಿಗುರುವ ಶಕ್ತಿ ಇರುವುದು. ಆದ್ದರಿಂದ ಬುಡದ ಮಣ್ಣನ್ನು ಸರಿಸಿ, ನಾಲ್ಕು ಬೆರಳು ಆಳದಲ್ಲಿ, ಆ ಗಂಟಿನ ಕೆಳಗೆ ತಾಯಿಬೇರನ್ನು ಕಡಿಯಬೇಕು. ಎತ್ತಿದ ಗಿಡವನ್ನು ಬೇರು ಆಕಾಶಕ್ಕೆ ಮುಖ ಮಾಡುವಂತೆ ಮಗುಚಿಡಬೇಕು. ಮಣ್ಣಿಗೆ ತಾಗಿದರೆ ಮತ್ತೆ ಬೇರೂರುತ್ತದೆ. ಯಂತ್ರದಲ್ಲಿ ಒಂದು ದಿನಕ್ಕೆ ಮುಗಿಯುವ ಜಾಗಕ್ಕೆ ಈ ವಿಧಾನದಲ್ಲಿ ಹಲವು ದಿನ ಹಿಡಿಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಕ್ಕಿಗಳು ಹಣ್ಣು ತಿಂದು ಮರದ ಕೆಳಗೆ ಉದುರಿಸಿದ ಬೀಜಗಳು ಮುಂದಿನ ಮಳೆಗಳಲ್ಲಿ ಮೊಳೆಯುತ್ತಲೇ ಇರುತ್ತವೆ. ಪಾರ್ಥೇನಿಯಂ ಎಂಬ ಇನ್ನೊಂದು ಕಳೆ ಇನ್ನೂ ಚುರುಕು: ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡಬಲ್ಲದು, ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಹೂ ಬಂದ ಮೇಲೆ ಕಿತ್ತರೆ ಬೀಜ ಹರಡುವ ಕೆಲಸವನ್ನು ನಾವೇ ಮಾಡಿದಂತೆ.

ಒಮ್ಮೆ ಕಡಿದು ಬಿಟ್ಟ ಜಮೀನುಗಳಿಗೆ ನಾವು ಹಿಂದಿರುಗಿ ಹೋಗಿದ್ದೇವೆ. ಹಲವೆಡೆ ಪೊದೆ ಮೊದಲಿಗಿಂತ ದಟ್ಟವಾಗಿತ್ತು. ನೀವು ಕೊಟ್ಟ ಹಣಕ್ಕೆ ನಾವು ಕೊಟ್ಟದ್ದು ಒಂದು ಬೇಸಿಗೆಯ ನೆಮ್ಮದಿ ಮಾತ್ರ. ಅನುದಾನ ಕೊಡುವವರು ಯೋಜನೆ ಕೇಳುವುದು ಇದೇ ಕಾರಣಕ್ಕೆ; ಅದನ್ನು ಬರೀ ಕಾಗದದ ಕಾಟ ಎಂದು ನಾವೂ ಭಾವಿಸಿದ್ದೆವು.

ಈ ಸಮಸ್ಯೆ ನಮ್ಮ ಜಮೀನುಗಳಿಗಷ್ಟೇ ಸೀಮಿತವಲ್ಲ. ಜೀವವೈವಿಧ್ಯದ ಅಂತರ್‌ಸರ್ಕಾರಿ ವೇದಿಕೆ ಐಪಿಬಿಇಎಸ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಕ್ರಮಣಕಾರಿ ಜೀವಿಗಳಿಂದ 2019ರ ಹೊತ್ತಿಗೆ ಜಗತ್ತಿಗೆ ಆಗುತ್ತಿದ್ದ ವಾರ್ಷಿಕ ನಷ್ಟ 42,300 ಕೋಟಿ ಡಾಲರ್ ಮೀರಿತ್ತು. ಅದರಲ್ಲಿ ನಿಯಂತ್ರಣಕ್ಕೆ ಆದ ವೆಚ್ಚ ಶೇಕಡಾ 8 ಮಾತ್ರ; ಉಳಿದದ್ದೆಲ್ಲ ಹಾನಿ. 2022ರ ಡಿಸೆಂಬರ್‌ನಲ್ಲಿ ಜೀವವೈವಿಧ್ಯ ಉಳಿಸುವ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದಕ್ಕೆ ಬಂದ ದೇಶಗಳು ಇಂಥ ಜೀವಿಗಳು ಹೊಸದಾಗಿ ಬಂದು ನೆಲೆಯೂರುವ ಪ್ರಮಾಣವನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿವೆ.

ಈಗ ಅನುದಾನದ ವಿಚಾರ. ಹಲವು ಅನುದಾನ ಯೋಜನೆಗಳಲ್ಲಿ ಎರಡು ಹಂತಗಳಿರುತ್ತವೆ: ಸಮೀಕ್ಷೆ ಮತ್ತು ಯೋಜನೆ ತಯಾರಿಸಲು ಒಂದು ಹಣ, ತೆರವಿನ ಕೆಲಸಕ್ಕೆ ಇನ್ನೊಂದು. ಮೊದಲನೆಯದನ್ನು ಕೇಳಬಹುದು ಎಂಬುದೇ ಬಹಳ ಜನ ಭೂಮಾಲೀಕರಿಗೆ ತಿಳಿದಿರುವುದಿಲ್ಲ. ಸಾಮಾನ್ಯವಾಗಿ ಖರ್ಚಿನ ಒಂದು ಪಾಲನ್ನು ನೀವೇ ಹಾಕಬೇಕಾಗುತ್ತದೆ. ಆ ವಂತಿಗೆ ಹಣವಾಗಿಯೇ ಇರಬೇಕೆಂದಿಲ್ಲ. ನಿಮ್ಮ ಮನೆಯವರ ದುಡಿಮೆ, ನಿಮ್ಮ ಟ್ರ್ಯಾಕ್ಟರಿನ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವ ಯೋಜನೆಗಳೂ ಇವೆ. ಆದರೆ ಅಂದಂದೇ ಬರೆದ ಹಾಜರಿ ಪುಸ್ತಕ ಇದ್ದರೆ ಮಾತ್ರ. ತಿಂಗಳ ಕೊನೆಗೆ ನೆನಪು ಮಾಡಿಕೊಂಡು ಒಂದೇ ಪೆನ್ನಿನಲ್ಲಿ ತುಂಬಿದ ಪುಸ್ತಕ ತಪಾಸಣೆಗೆ ಬಂದವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಇನ್ನೊಂದು ಮಾತು: ಅನುದಾನ ಬಹುತೇಕ ಕಡೆ ಮುಂಗಡವಾಗಿ ಬರುವುದಿಲ್ಲ. ನೀವು ಖರ್ಚು ಮಾಡಿ, ರಸೀದಿ ಒಪ್ಪಿಸಿ, ಅನುದಾನ ಕೊಡುವವರು ಬಂದು ನೋಡಿದ ಮೇಲೆ ಕಂತಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಕೈಯಿಂದ ಹಾಕಲು ಶಕ್ತಿ ಇದೆಯೇ ಎಂದು ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ. ಇಲ್ಲ ಎನ್ನುವವರಿಗಾಗಿ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತೇವೆ, ಒಂದು ಕಂತು ಬಂದ ಮೇಲೆ ಮುಂದಿನ ತುಂಡು.

ಯಾವ ತುಂಡು ಮೊದಲು ಎಂಬ ಪ್ರಶ್ನೆಗೆ ನಮ್ಮ ಉತ್ತರ ಹಲವರಿಗೆ ವಿಚಿತ್ರ ಅನ್ನಿಸಬಹುದು. ಅತಿ ದಟ್ಟವಾದ ಜಾಗದಿಂದ ಅಲ್ಲ, ಅಲ್ಲೊಂದು ಇಲ್ಲೊಂದು ಗಿಡ ಕಾಣಿಸಿಕೊಂಡಿರುವ ಒಳ್ಳೆಯ ಜಾಗದಿಂದ ಶುರು ಮಾಡುತ್ತೇವೆ. 1960ರ ದಶಕದಲ್ಲಿ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸಹೋದರಿಯರು ತಮ್ಮ ಊರಿನ ಕುರುಚಲು ಕಾಡಿನಲ್ಲಿ ಕೈಯಿಂದಲೇ ಕಳೆ ಕಿತ್ತು ಈ ಕ್ರಮವನ್ನು ರೂಪಿಸಿದರು. ಹತ್ತಿರದಲ್ಲಿ ಸ್ಥಳೀಯ ಹುಲ್ಲು, ಗಿಡ ಜೀವಂತವಾಗಿದ್ದರೆ ಖಾಲಿಯಾದ ಜಾಗವನ್ನು ಅವೇ ತುಂಬುತ್ತವೆ. ದಟ್ಟ ಪೊದೆಯ ನಡುವೆ ದೊಡ್ಡ ಬಯಲು ಮಾಡಿದರೆ ಅದನ್ನು ತುಂಬುವುದು ಇನ್ನೊಂದು ಕಳೆಯೇ.

ಅಕ್ಕಪಕ್ಕದವರ ಜೊತೆ ಸೇರಿ ಅರ್ಜಿ ಹಾಕಲು ಸಾಧ್ಯವಾದರೆ ಹಾಗೆಯೇ ಮಾಡಿ. ಬೇಲಿಯ ಆಚೆ ಬೀಜದ ಪೊದೆ ನಿಂತಿದ್ದರೆ ಈಚೆಯ ಶ್ರಮ ನಿಲ್ಲುವುದಿಲ್ಲ. ಒಟ್ಟಾಗಿ ಬಂದ ಅರ್ಜಿಗಳಿಗೆ ಆದ್ಯತೆ ಕೊಡುವ ಯೋಜನೆಗಳೂ ಇವೆ. ನೆರೆಯವರೊಂದಿಗೆ ಮಾತು ನಿಂತುಹೋಗಿದ್ದರೆ ಹೇಳಿ, ನಮ್ಮ ಕಡೆಯಿಂದ ಒಬ್ಬರು ಬಂದು ಇಬ್ಬರ ಜೊತೆಗೂ ಕೂರುತ್ತಾರೆ.

ಶುಲ್ಕದಲ್ಲೂ ಬದಲಾವಣೆ ಇದೆ. ಮಂಜೂರಾದ ಹಣದಲ್ಲಿ ಪಾಲು ಪಡೆಯುವ ಹಳೆಯ ಪದ್ಧತಿಯನ್ನು ಕೈಬಿಟ್ಟಿದ್ದೇವೆ. ಪಾಲು ಇದ್ದಲ್ಲಿ ಕಳೆಯ ವಿಸ್ತೀರ್ಣವನ್ನು ಹಿಗ್ಗಿಸಿ ಬರೆಯುವ ಆಸೆ ಹುಟ್ಟುತ್ತದೆ, ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಹಣ ಹಿಂದಿರುಗಿಸಬೇಕಾದವರು ನೀವು. ಇನ್ನು ಸಮೀಕ್ಷೆಗೆ ಒಂದು ನಿಗದಿತ ಶುಲ್ಕ, ಅನುದಾನ ಬರಲಿ ಬಾರದಿರಲಿ. ಯೋಜನೆಯ ಪೂರ್ತಿ ಪ್ರತಿ, ನಕ್ಷೆಯ ಸಮೇತ, ನಿಮ್ಮದೇ. ಅದನ್ನು ಹಿಡಿದು ಬೇರೆಯವರಿಂದ ದರಪಟ್ಟಿ ತರಿಸಿ, ಅವರಿಂದಲೇ ಕೆಲಸ ಮಾಡಿಸಿದರೂ ನಮ್ಮದೇನೂ ಆಕ್ಷೇಪವಿಲ್ಲ. ಯೋಜನೆ ಬರೆದವರಿಗೇ ಕೆಲಸ ಕೊಡಬಾರದು ಎಂಬ ನಿಯಮ ಎಲ್ಲಿದೆಯೋ ಅಲ್ಲಿ ನಾವೇ ಹಿಂದೆ ಸರಿಯುತ್ತೇವೆ.

ಮುಂಗಡ ಕೊಟ್ಟು ಸರದಿಗೆ ಕಾಯುತ್ತಿರುವವರು ಬೇಕಿದ್ದರೆ ಅದನ್ನು ಸಮೀಕ್ಷೆ ಶುಲ್ಕಕ್ಕೆ ಹೊಂದಿಸಿಕೊಳ್ಳಬಹುದು, ಬೇಡವೆಂದರೆ ಪೂರ್ತಿ ವಾಪಸ್ ಕೊಡುತ್ತೇವೆ. ಈಗಾಗಲೇ ಸ್ವಲ್ಪ ಭಾಗ ಕಡಿದಿರುವವರು ಅದನ್ನು ಮುಚ್ಚಿಡಬೇಡಿ. ಕಡಿದ ಭಾಗವನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ, ಉಳಿದ ಭಾಗಕ್ಕೆ ಮಾತ್ರ ಅರ್ಜಿ ಹಾಕಬಹುದೇ ಎಂದು ಅನುದಾನ ಕೊಡುವವರನ್ನು ಬರಹದಲ್ಲಿ ಕೇಳೋಣ.

ಸಮೀಕ್ಷೆಗೆ ನಾವು ಬರುವ ಮುನ್ನ ಜಮೀನಿನ ಹಕ್ಕಿನ ದಾಖಲೆ, ಇದ್ದರೆ ಹಳೆಯ ನಕ್ಷೆ, ಮತ್ತು ಆ ಗಿಡ ಮೊದಲು ಯಾವ ಮೂಲೆಯಲ್ಲಿ ಕಾಣಿಸಿತು ಎಂದು ನೆನಪಿರುವ ಮನೆಯ ಹಿರಿಯರೊಬ್ಬರನ್ನು ಸಿದ್ಧವಾಗಿಟ್ಟುಕೊಳ್ಳಿ. ಜಮೀನಿನ ನಾಲ್ಕು ಕಡೆ ಒಂದೊಂದು ಕಲ್ಲಿಗೆ ಬಣ್ಣ ಬಳಿದು, ಆ ಕಲ್ಲುಗಳ ಪಕ್ಕ ನಿಂತು ಈ ವಾರವೇ ಒಂದೊಂದು ಫೋಟೋ ತೆಗೆದಿಡಿ. ಮೂರು ವರ್ಷವೂ ಅದೇ ಜಾಗದಿಂದ, ಅದೇ ದಿಕ್ಕಿಗೆ ಫೋಟೋ ತೆಗೆಯುತ್ತೇವೆ. ಕತ್ತಿಯನ್ನು ಮಾತ್ರ, ಯೋಜನೆ ಸಿದ್ಧವಾಗಿ, ಅನುದಾನ ಕೇಳಿದ್ದರೆ ಮಂಜೂರಾತಿಯೂ ಬರುವವರೆಗೆ, ಮುಟ್ಟಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಸಂಘದ ಎಲ್ಲ ಸದಸ್ಯರ ಪರವಾಗಿ