ಬೆಳಕು ಕಾಣದ ಸೆಲ್ ಒಂದಿರಲಿ

ಮಲ್ಲೇಶ್ವರ, ಬೆಂಗಳೂರು

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಎರಡು ಗಾಜುಗಳ ಸಂದಿಗೆ ದ್ರವಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್) ತುಂಬಿ ಮಾಡಿದ ನಿನ್ನ ಸೆಲ್ಲಿನ ಎರಡೂ ಫೋಟೋ ನೋಡಿದೆ. ಒಂದೇ ದಿಕ್ಕಿನ ಕಂಪನದ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್ ಹಾಳೆ ಎರಡನ್ನು ಒಂದಕ್ಕೊಂದು ಅಡ್ಡ ಇಟ್ಟು, ನಡುವೆ ಸೆಲ್ ಇಟ್ಟು ತೆಗೆದದ್ದು. ಒಂದರಲ್ಲಿ ಸೆಲ್ ಪೂರ್ತಿ ಕಪ್ಪು, 45 ಡಿಗ್ರಿ ತಿರುಗಿಸಿದ್ದರಲ್ಲಿ ಪೂರ್ತಿ ಬೆಳಕು. "ಅಲೈನ್ ಆಯ್ತು ಮಾವ!" ಅಂತ ಬರೆದಿದ್ದೀಯ, ಅಂದರೆ ಅಣುಗಳೆಲ್ಲ ಒಂದೇ ದಿಕ್ಕಿಗೆ ಸಾಲಾದವು ಅಂತ. ಸಂತೋಷ. ಆದರೆ ಸಿಹಿ ಹಂಚುವ ಮುಂಚೆ ನನ್ನ ಮಾತು ಸ್ವಲ್ಪ ಕೇಳು.

ನಮ್ಮ ಕಾಲದಲ್ಲಿ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಬಳಿದ ಗಾಜನ್ನು ಮಖಮಲ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಿದ್ದೆವು. ಉಜ್ಜಿದ ಕಡೆಗೆ ದ್ರವಸ್ಫಟಿಕದ ಅಣುಗಳು ಸಾಲಾಗಿ ಮಲಗುತ್ತಿದ್ದವು. ಜೊತೆಗೆ ಬಟ್ಟೆಯ ನೂಲು, ಗೀರು. ಮಾರ್ಚ್ ತಿಂಗಳ ಒಣಹವೆಯಲ್ಲಂತೂ ಗಾಜಿನ ಮೇಲೆ ಸ್ಟ್ಯಾಟಿಕ್ ಕೂತು ಧೂಳನ್ನೆಲ್ಲ ಕರೆಯುತ್ತಿತ್ತು. ನಿನಗೆ ಆ ಕಾಟವಿಲ್ಲ. 1992ರಲ್ಲಿ ವಿಜ್ಞಾನಿ ಮಾರ್ಟಿನ್ ಶಾಟ್ ಮತ್ತು ಜೊತೆಗಾರರು ಸಿನ್ನಮೇಟ್ ಎಂಬ, ಬೆಳಕಿಗೆ ಬದಲಾಗುವ ರಾಸಾಯನಿಕ ಗುಂಪುಗಳಿರುವ ಪಾಲಿಮರ್ ಫಿಲ್ಮ್ ಮೇಲೆ ಪೋಲರೈಸ್ ಆದ, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಯುವಿ ಬೆಳಕು ಬಿಟ್ಟು, ಉಜ್ಜದೆಯೇ ಈ ಕೆಲಸ ಮಾಡಿ ತೋರಿಸಿದರು. ಬೆಳಕಿನ ಕಂಪನದ ದಿಕ್ಕಿಗೆ ಇರುವ ಸಿನ್ನಮೇಟ್ ಗುಂಪುಗಳು ಜಾಸ್ತಿ ಬೆಳಕು ಹೀರಿ, ಪಕ್ಕದವುಗಳ ಜೊತೆ ಗಂಟು ಹಾಕಿಕೊಳ್ಳುತ್ತವೆ. ಅಡ್ಡ ಇರುವವು ಹಾಗೇ ಉಳಿಯುತ್ತವೆ. ಅದಕ್ಕೇ ದ್ರವಸ್ಫಟಿಕ ಕಂಪನಕ್ಕೆ ಅಡ್ಡವಾಗಿ ಮಲಗುತ್ತದೆ.

ಈಗ ನನ್ನ ಪೆದ್ದುತನದ ಕಥೆ. ಒಂದು ಲ್ಯಾಬ್‌ನಲ್ಲಿ ನಾನೂ ಇದನ್ನೇ ಮಾಡಲು ಹೊರಟಿದ್ದೆ. 5ಸಿಬಿ ಅನ್ನುವ ದ್ರವಸ್ಫಟಿಕವನ್ನು ಸೆಲ್ಲಿಗೆ ತುಂಬಿದೆ. ನಿನ್ನ ಫೋಟೋದಂಥದ್ದೇ ಕಪ್ಪು! ಎಲ್ಲರಿಗೂ ತೋರಿಸಿ ಬೀಗಿದೆ. ಮೂರು ತಿಂಗಳ ಮೇಲೆ ಹಿರಿಯರೊಬ್ಬರು ಕೇಳಿದರು: "ಯುವಿ ಬೆಳಕು ಹಾಕದ ಸೆಲ್ ಎಲ್ಲಪ್ಪ?" ನಾನು ಮಾಡಿರಲೇ ಇಲ್ಲ. ಆಮೇಲೆ ಮಾಡಿದರೆ, ಅದೂ ಕಪ್ಪೇ.

ಆಗಿದ್ದೇನು ಗೊತ್ತಾ? 5ಸಿಬಿ ಸುಮಾರು 24ರಿಂದ 35 ಡಿಗ್ರಿವರೆಗೆ ನೆಮ್ಯಾಟಿಕ್, ಅಂದರೆ ದ್ರವದ ಹಾಗೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡಿರುವ ಸ್ಥಿತಿ. ನಮ್ಮೂರಿನ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಾನು ಹಾಗೇ ತುಂಬಿದ್ದೆ. ಸಂದಿಯಲ್ಲಿ ಹರಿಯುವಾಗಲೇ ಅಣುಗಳು ಹರಿವಿನ ದಿಕ್ಕಿಗೆ ಮಲಗಿ, ಫಿಲ್ಮ್‌ಗೆ ಹಾಗೇ ಅಂಟಿಕೊಂಡಿದ್ದವು, ಹಳ್ಳದ ದಂಡೆಯ ಹುಲ್ಲಿನ ಹಾಗೆ. ಬೆಳಕಿಗೆ ಅದರಲ್ಲಿ ಪಾಲೇ ಇರಲಿಲ್ಲ.

ಹಾಗಾಗಿ ಸೆಲ್ಲನ್ನು, ಅಣುಗಳ ಸಾಲು ಕರಗಿಹೋಗುವ 40 ಡಿಗ್ರಿಗೆ ಬಿಸಿ ಮಾಡಿ ತುಂಬು, ನಿಧಾನವಾಗಿ ಆರಿಸು. ಬೆಳಕು ಹಾಕದ ಸೆಲ್ ಒಂದು ಪಕ್ಕದಲ್ಲಿರಲಿ. ಇನ್ನೊಂದರಲ್ಲಿ ಯುವಿ ದೀಪದ ಮುಂದಿನ ಪೋಲರೈಸರನ್ನು 30 ಡಿಗ್ರಿ ತಿರುಗಿಸಿ ಬೆಳಕು ಹಾಕು, ತುಂಬುವ ದಿಕ್ಕು ಮಾತ್ರ ಬದಲಿಸಬೇಡ. ಕಪ್ಪಾಗುವ ಕೋನವೂ 30 ಡಿಗ್ರಿ ತಿರುಗಿದರೆ, ಆಗ ಫೋನ್ ಮಾಡು.

ಅಷ್ಟಾದರೂ ಒಂದು ಗೊಂದಲ ಉಳಿಯುತ್ತದೆ. ನೋಡಲು ಇಟ್ಟ ಎರಡು ಪೋಲರೈಸರ್‌ಗಳಲ್ಲಿ ಅಣುಗಳು ಯಾವುದರ ಗುಂಟ ಮಲಗಿದರೂ ಸೆಲ್ ಕಪ್ಪೇ. ಯುವಿ ಬೆಳಕಿನ ಕಂಪನಕ್ಕೆ ಅಡ್ಡವೋ ಉದ್ದವೋ ಅಂತ ಅದು ಹೇಳುವುದಿಲ್ಲ. ದ್ರವಸ್ಫಟಿಕದ ಅಣುಗಳ ಜೊತೆಗೇ ಮಲಗಿ, ತನ್ನ ಉದ್ದಕ್ಕೆ ಕಂಪಿಸುವ ಬೆಳಕನ್ನು ಜಾಸ್ತಿ ಹೀರುವ ಡೈಕ್ರೋಯಿಕ್ ಬಣ್ಣವನ್ನು ಚಿಟಿಕೆ ಬೆರೆಸಿ, ಒಂದೇ ಪೋಲರೈಸರ್ ಇಟ್ಟು ನೋಡು. ಬಣ್ಣ ಗಾಢವಾಗುವ ದಿಕ್ಕೇ ಅಣುಗಳ ದಿಕ್ಕು.

1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಅಂತ ಕಂಡುಕೊಂಡರಲ್ಲ, ಅವರೂ ಬರೀ ಸೂಕ್ಷ್ಮದರ್ಶಕ ನೋಡಿ ಎದ್ದುಬಿಡಲಿಲ್ಲ. ಎಕ್ಸ್-ರೇ, ಶಾಖದ ಅಳತೆ ಎಲ್ಲ ಮಾಡಿದರು. ನಿನ್ನ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಆಗಿದ್ದು ಇದು!

ಯುವಿ ದೀಪ ಉರಿಯುವಾಗ ಕನ್ನಡಕ, ಗ್ಲೌಸ್ ಬಿಡಬೇಡ. ಅದು ಕಣ್ಣಿಗೆ ಕಾಣುವುದಿಲ್ಲ, ಉರಿ ಗೊತ್ತಾಗುವುದು ರಾತ್ರಿ. ನಿಮ್ಮಮ್ಮನಿಗೆ ಇದನ್ನು ಹೇಳಬೇಡ, ಸುಮ್ನೆ ಗಾಬರಿಯಾಗುತ್ತಾಳೆ.

ಭಾನುವಾರ ಬರುವಾಗ ಬೆಳಕು ಹಾಕದ ಸೆಲ್ಲಿನ ಫೋಟೋ ತಗೊಂಡು ಬಾ. ಅತ್ತೆ ಒತ್ತು ಶಾವಿಗೆ ಮಾಡುತ್ತಾಳಂತೆ.

ಇಂತಿ ನಿನ್ನ ಮಾವ