ಜೀವಕೋಶದೊಳಗಿನ ಕೆಲಸಕ್ಕೂ ವಿಜ್ಞಾನ ಪುಟದಲ್ಲಿ ಜಾಗ ಕೊಡಿ

ಸಂಪಾದಕರೇ, ನಮಸ್ಕಾರ.

ನಿಮ್ಮ ವಿಜ್ಞಾನ ಪುಟವನ್ನು ತಪ್ಪದೇ ಓದುತ್ತೇನೆ. ರಾಕೆಟ್, ಮೊಬೈಲ್, ಹೊಸ ಔಷಧ ಇವುಗಳ ಸುದ್ದಿ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಮೈಯೊಳಗೆ ದಿನವೂ ನಡೆಯುವ ಕೆಲಸದ ಬಗ್ಗೆ, ಅದರಲ್ಲೂ ಒಂದು ಜೀವಕೋಶ ಎರಡಾಗುವಾಗ ಏನೇನಾಗುತ್ತದೆ ಅನ್ನುವುದರ ಬಗ್ಗೆ, ಬರುವುದು ತೀರಾ ಕಡಿಮೆ. ಅದೂ ಬರಲಿ ಅಂತ ಕೇಳುವುದಕ್ಕೇ ಈ ಪತ್ರ.

ನಾನು ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಉಳ್ಳಾಗಡ್ಡಿ ಬೇರಿನ ತುದಿಗೆ ಬಣ್ಣ ಹಾಕಿ, ಸ್ಲೈಡ್ ಮೇಲೆ ಒತ್ತಿ ಕ್ರೋಮೋಸೋಮ್, ಅಂದರೆ ಡಿಎನ್‌ಎ ಸುತ್ತಿಕೊಂಡ ಎಳೆಗಳನ್ನು, ತೋರಿಸಿದರೆ ಮಕ್ಕಳಿಗೆ ಬಹಳ ಖುಷಿ. ಆದರೆ ಪಾಠದ ಕೊನೆಗೆ ಬಂದರೆ, ವಿಭಜನೆಯಲ್ಲಿ ಒಡೆದ ನ್ಯೂಕ್ಲಿಯಸ್ಸಿನ (ಕೋಶದೊಳಗೆ ಡಿಎನ್‌ಎ ಇರುವ ಗೂಡಿನ) ಪೊರೆ ಮತ್ತೆ ಮೂಡುತ್ತದೆ ಅನ್ನುವ ಒಂದೇ ಮಾತಿಗೆ ಎಲ್ಲ ಮುಗಿದುಹೋಗುತ್ತದೆ. ಚಿತ್ತಾಪುರ ಕಡೆಯ ಹುಡುಗಿಯೊಬ್ಬಳು ಅಲ್ಲೇ ಹಿಡಿದಳು: "ಮೇಡಂ, ಪೊರೆಯಾಗ ರಂಧ್ರ ಇರ್ತಾವ ಅಂತ ಹೇಳಿದ್ರಿ. ಪೊರೆ ಒಡದಾಗ ಅವು ಎಲ್ಲಿ ಹೋಗ್ತಾವ್ರಿ, ಮತ್ತ ಹೆಂಗ ಬರ್ತಾವ್ರಿ?" ಎಂಥ ಪ್ರಶ್ನೆ ಅಲ್ವಾ! ವಿಜ್ಞಾನಿಗಳು ವರ್ಷಗಟ್ಟಲೆ ಬೆನ್ನು ಹತ್ತಿದ ಪ್ರಶ್ನೆ ಇದೇ.

ಈ ರಂಧ್ರಗಳು ಸುಮ್ನೆ ತೂತುಗಳಲ್ಲ. ಊರಿನ ಅಗಸಿ ಇದ್ದ ಹಾಗೆ. ಒಳಗೆ ಹೋಗುವ ಪ್ರೋಟೀನ್, ಹೊರಗೆ ಬರುವ ಆರ್‌ಎನ್‌ಎ ಎಲ್ಲ ಇಲ್ಲಿಂದಲೇ ಹಾಯಬೇಕು. ಒಂದೊಂದು ರಂಧ್ರಕ್ಕೂ ಸುಮಾರು 30 ಬಗೆಯ ಪ್ರೋಟೀನ್ ಬೇಕು, ಬಿಡಿಬಿಡಿಯಾಗಿ ಎಣಿಸಿದರೆ ಸಾವಿರದ ಹತ್ತಿರ. ಮನುಷ್ಯನ ಒಂದು ನ್ಯೂಕ್ಲಿಯಸ್‌ನಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ.

ವಿಭಜನೆ ಶುರುವಾದಾಗ ಸಿಡಿಕೆ1 ಅನ್ನುವ ಕಿಣ್ವ, ಜೊತೆಗೆ ಇನ್ನೂ ಕೆಲವು, ಈ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ರಂಧ್ರ ಕಳಚಿಕೊಳ್ಳುತ್ತದೆ. ಆದರೆ ಭಾಗಗಳು ಹಾಳಾಗುವುದಿಲ್ಲ, ಕೋಶದಲ್ಲೇ ಉಳಿದು ಆಮೇಲೆ ಮತ್ತೆ ಬಳಕೆಗೆ ಬರುತ್ತವೆ. ಕ್ರೋಮೋಸೋಮ್‌ಗಳು ಎರಡು ಕಡೆಗೆ ಸರಿಯುತ್ತಿದ್ದಂತೆ ಬೇರೆ ಕಿಣ್ವಗಳು ಆ ಫಾಸ್ಫೇಟ್ ಕಿತ್ತು ಹಾಕುತ್ತವೆ. ಆಗ ಎಲಿಸ್ ಅನ್ನುವ ಪ್ರೋಟೀನ್ ಮೊದಲು ಹೋಗಿ ಡಿಎನ್‌ಎ ಸುತ್ತಿಕೊಂಡಿರುವ ಜಾಗಕ್ಕೆ ಅಂಟಿಕೊಳ್ಳುತ್ತದೆ, ಅದರ ಹಿಂದೆ ಉಳಿದವು ಒಂದೊಂದಾಗಿ ಬಂದು ಸೇರುತ್ತವೆ. ಸುತ್ತ ಪೊರೆ ಹರಡಿಕೊಳ್ಳುತ್ತದೆ. ಅದರಲ್ಲಿ ಮೊದಲೇ ಇರುವ ಸಣ್ಣ ಸಣ್ಣ ತೆರಪುಗಳು ಹಿಗ್ಗಿ ರಂಧ್ರಗಳಾಗುತ್ತವೆ. ಕ್ರೋಮೋಸೋಮ್ ಬೇರೆಯಾದ 10-15 ನಿಮಿಷದಲ್ಲಿ ಒಳಗೆ ಹೊರಗೆ ಸಾಗಾಟ ಶುರು!

ಇಷ್ಟೆಲ್ಲ ಸರಿಯಾದ ಜಾಗದಲ್ಲೇ ಆಗುವುದು ಹೇಗೆ? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ರ್‍ಯಾನ್ ಅನ್ನುವ ಒಂದು ಸಣ್ಣ ಪ್ರೋಟೀನ್ ಇದೆ, ಅದನ್ನು ಚಾಲೂ ಮಾಡುವ ಆರ್‌ಸಿಸಿ1 ಅನ್ನುವ ಇನ್ನೊಂದು ಪ್ರೋಟೀನ್ ಕ್ರೋಮೋಸೋಮ್‌ಗೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಚಾಲೂ ಆದ ರ್‍ಯಾನ್ ಡಿಎನ್‌ಎ ಹತ್ತಿರ ಮಾತ್ರ ಜಾಸ್ತಿ, ಅದು ಇರುವ ಕಡೆಗಷ್ಟೇ ರಂಧ್ರದ ಪ್ರೋಟೀನ್‌ಗಳು ತಮ್ಮನ್ನು ಹಿಡಿದಿಟ್ಟಿರುವ ಇಂಪೋರ್ಟಿನ್ ಅನ್ನುವ ಪ್ರೋಟೀನ್‌ನಿಂದ ಬಿಡುಗಡೆಯಾಗುತ್ತವೆ. ವಿಭಜನೆ ಇಲ್ಲದ ಹೊತ್ತಿನಲ್ಲಿ ಹೊಸ ರಂಧ್ರ ಬೇಕಾದರೆ ದಾರಿಯೇ ಬೇರೆ. ನ್ಯೂಕ್ಲಿಯಸ್ಸಿನ ಪೊರೆ ಎರಡು ಪದರದ್ದು; ಆಗ ಒಳಪೊರೆ ಹೊರಗೆ ಉಬ್ಬಿ ಹೊರಪೊರೆಗೆ ಕೂಡಿಕೊಳ್ಳುತ್ತದೆ, ಅದು ನಿಧಾನ. ಜರ್ಮನಿಯ ಹೈಡಲ್‌ಬರ್ಗ್‌ನ ಇಎಂಬಿಎಲ್ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು 2016 ಮತ್ತು 2018ರಲ್ಲಿ ಈ ಎರಡೂ ದಾರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

ಇದರಿಂದ ಏನು ಉಪಯೋಗ ಅಂತ ಕೆಲವರು ಕೇಳಬಹುದು. ವಿಭಜನೆಯಲ್ಲಿ ಹಿಂದೆ ಉಳಿದ ಕ್ರೋಮೋಸೋಮ್ ಬೇರೆಯೇ ಒಂದು ಪುಟ್ಟ ನ್ಯೂಕ್ಲಿಯಸ್ ಕಟ್ಟಿಕೊಂಡರೆ ಅದರಲ್ಲಿ ರಂಧ್ರಗಳು ಸರಿಯಾಗಿ ಕೂಡುವುದಿಲ್ಲ, ಪೊರೆ ಹರಿಯುತ್ತದೆ, ಒಳಗಿನ ಡಿಎನ್‌ಎ ಚೂರಾಗುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಕಾಣುವ ದೊಡ್ಡ ಗೊಂದಲಗಳಲ್ಲಿ ಇದೂ ಒಂದು. ಕ್ಯಾನ್ಸರ್ ಔಷಧದ ಸುದ್ದಿ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಯಾದಗಿರಿ, ಬೀದರ್, ಕಲಬುರಗಿ ಹಳ್ಳಿಗಳಿಂದ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬರುವ ಮಕ್ಕಳಿಗೆ ಪಿಯುಸಿ ವಿಜ್ಞಾನ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಪ್ರಶ್ನೆ ತಲೆಯಲ್ಲಿದ್ದರೂ ಬಾಯಿ ಬಿಡುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇದನ್ನೆಲ್ಲ ಬಲ್ಲವರಿದ್ದಾರೆ, ಅವರಿಂದ ಬರೆಸಿ. ವಾರಕ್ಕೆ ಅರ್ಧ ಪುಟ ಸಾಕು. ನಮ್ಮಲ್ಲಿ ಆ ಪಾಠ ನಡೆಯುವ ಹೊತ್ತಿಗೇ ಬಂದರೆ ಇನ್ನೂ ಒಳ್ಳೆಯದು. ಚಿತ್ರ ಮಾತ್ರ ದೊಡ್ಡದಾಗಿ ಹಾಕಿ, ತರಗತಿಯ ಗೋಡೆಗೆ ಹಚ್ಚುತ್ತೇವೆ.

ಇಂತಿ,
ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ, ಕಲಬುರಗಿ