ಭಾಷಣ ಸಾಕು, ಹೆಸರು ಓದೋಣ

ಮಾನ್ಯ ಸಂಪಾದಕರೇ,

ಡಿಸೆಂಬರ್ 9 ಈ ಸಲವೂ ಬಂತು, ಹೋಯಿತು. ನರಮೇಧಗಳಲ್ಲಿ ಸತ್ತವರನ್ನು ನೆನೆಯುವುದಕ್ಕೆ ಅಂತ ವಿಶ್ವಸಂಸ್ಥೆ 2015ರಲ್ಲಿ ಗೊತ್ತು ಮಾಡಿದ ದಿನ ಅದು. 1948ರಲ್ಲಿ ಇದೇ ತಾರೀಕು ಪ್ಯಾರಿಸ್‌ನಲ್ಲಿ ನರಮೇಧ ತಡೆ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತ್ತು, ಅದಕ್ಕೆ. ಮೈಸೂರಿನ ಒಂದು ಕಾಲೇಜಿನಲ್ಲಿ ಅವತ್ತು ಕಾರ್ಯಕ್ರಮ ಇದೆ ಅಂತ ಗೊತ್ತಾಗಿ ಹೋಗಿದ್ದೆ. ಮಾಡಿದ್ದೇ ದೊಡ್ಡದು, ಒಪ್ಪುತ್ತೇನೆ. ಆದರೂ ನೋಡಿ ಬಂದ ಮೇಲೆ ಈ ಕಾಗದ ಬರೆಯದೆ ಇರುವುದಕ್ಕೆ ಆಗಲಿಲ್ಲ.

ವೇದಿಕೆ ತುಂಬ ಕುರ್ಚಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು. ಆಮೇಲೆ ಒಬ್ಬರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ. ಯಾತಕ್ಕೆ ಸನ್ಮಾನ ಅಂತ ನನಗೆ ಇನ್ನೂ ತಿಳಿದಿಲ್ಲ. ಮಾತಾಡಿದ ಪ್ರತಿಯೊಬ್ಬರೂ ವೇದಿಕೆ ಮೇಲಿದ್ದ ಎಲ್ಲರ ಹೆಸರನ್ನೂ ಹುದ್ದೆ ಸಮೇತ, ಒಬ್ಬರನ್ನೂ ಬಿಡದೆ ಹೇಳಿದರು. ಬಿಟ್ಟರೆ ಬೇಜಾರಾಗುತ್ತೆ ಅಲ್ವಾ. ಸತ್ತವರ ವಿಷಯ ಬಂದಾಗ ಮಾತ್ರ ಬರೀ ಲೆಕ್ಕ: ಅಲ್ಲಿ 60 ಲಕ್ಷ, ಇಲ್ಲಿ 8 ಲಕ್ಷ, ಕಾಂಬೋಡಿಯಾದಲ್ಲಿ 17 ಲಕ್ಷ. ಸತ್ತ ಒಬ್ಬರ ಹೆಸರೂ ಆ ಮೈಕಿನಲ್ಲಿ ಬರಲಿಲ್ಲ. ಹಿಂದಿನ ಸಾಲಿನ ಹುಡುಗರು ಮೊಬೈಲ್ ನೋಡುತ್ತಾ ಕೂತಿದ್ದರು. ಪಾಪ, ಅವರನ್ನು ಬೈಯುವುದಕ್ಕೂ ಮನಸ್ಸು ಬರಲಿಲ್ಲ.

ನನ್ನ ಮಾತು ಇಷ್ಟೇ. ಇಂಥ ದಿನ ಸತ್ತವರ ಹೆಸರು ಕೇಳಿಸಬೇಕು, ಬಂದವರ ಕೈಗೂ ಏನಾದರೂ ಒಂದು ಕೆಲಸ ಇರಬೇಕು.

ಇದನ್ನು ಯಾರಿಂದಲೋ ಹೊಸದಾಗಿ ಕಲಿಯಬೇಕಾಗಿಲ್ಲ. ಮದ್ದೂರು ತಾಲೂಕಿನ ಆತಕೂರಿನ ಕಲ್ಲಿನ ಕಥೆಯನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಸಿಲೆಬಸ್‌ನಲ್ಲಿ ಇರಲಿ ಬಿಡಲಿ. ಕ್ರಿ.ಶ. 949ರ ಶಾಸನ. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರ ಅನ್ನುವವನು, ಏನು ಬೇಕೋ ಕೇಳು ಅಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಒಂದು ಕಾಡುಹಂದಿ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಅದಕ್ಕೆ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜೆಯವನಿಗೆ ಪಾಪ ಅಂತಲೂ ಕೆತ್ತಿಸಿದರು. ನಾಯಿ, ಹಂದಿ ಕಾದಾಡುವ ಚಿತ್ರವೂ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾಯಿಯ ಹೆಸರನ್ನೂ ಸಾವಿರ ವರ್ಷ ಉಳಿಸಿದ ಸೀಮೆಯವರು ನಾವು, ಮನುಷ್ಯರನ್ನು ಲಕ್ಷದ ಲೆಕ್ಕದಲ್ಲಿ ಓದಿ ಮುಗಿಸುವುದನ್ನು ಯಾವಾಗ ಕಲಿತೆವೋ ಕಾಣೆ.

ರುವಾಂಡಾದವರು ಹೇಗೆ ಮಾಡುತ್ತಾರೆ ನೋಡಿ. ಅಲ್ಲಿ 1994ರ ಏಪ್ರಿಲ್ 7ಕ್ಕೆ ಶುರುವಾಗಿ ಸುಮಾರು ನೂರು ದಿನದಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಜನರನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಟುಟ್ಸಿ ಅನ್ನುವ ಅಲ್ಪಸಂಖ್ಯಾತ ಜನ, ಕೊಲ್ಲಿಸಿದ್ದು ಬಹುಸಂಖ್ಯಾತ ಹುಟುಗಳಲ್ಲಿನ ಉಗ್ರರು. ಕೊಂದವರಲ್ಲಿ ಸೈನಿಕರಿದ್ದರು, ಪಕ್ಕದ ಮನೆಯವರೂ ಇದ್ದರು. ಬೆಲ್ಜಿಯಂನವರು ಆಳುತ್ತಿದ್ದಾಗ 1930ರ ದಶಕದಲ್ಲಿ ತಂದ ಗುರುತಿನ ಚೀಟಿಯಲ್ಲಿ ಹುಟುನೋ ಟುಟ್ಸಿಯೋ ಅಂತ ಬರೆದಿರುತ್ತಿತ್ತು, ಕೊಲೆಗಾರರು ರಸ್ತೆಗೆ ಅಡ್ಡ ನಿಂತು ಆ ಚೀಟಿ ನೋಡಿಯೇ ಕೊಂದರು. ಅದಕ್ಕೂ ಮೊದಲೇ ರೇಡಿಯೊದಲ್ಲಿ ಟುಟ್ಸಿಗಳನ್ನು ಜಿರಲೆ ಅಂತ ಕರೆಯುವುದು ದಿನದ ಮಾತಾಗಿತ್ತು. ಈಗ ರಾಜಧಾನಿ ಕಿಗಾಲಿಯಲ್ಲಿರುವ ಸ್ಮಾರಕದಲ್ಲಿ ಎರಡೂವರೆ ಲಕ್ಷ ಜನರನ್ನು ಮಣ್ಣು ಮಾಡಿದ್ದಾರೆ. ಅದರೊಳಗೆ ಮಕ್ಕಳಿಗೆ ಅಂತಲೇ ಒಂದು ಭಾಗ ಇದೆ. ಗೋಡೆ ಮೇಲೆ ಮಗುವಿನ ದೊಡ್ಡ ಫೋಟೊ, ಕೆಳಗೆ ಕೆಲವೇ ಸಾಲು: ಹೆಸರು, ವಯಸ್ಸು, ಇಷ್ಟದ ತಿಂಡಿ, ಇಷ್ಟದ ಆಟ, ಹೇಗೆ ಕೊಂದರು. ಒಂದು ಹುಡುಗಿಗೆ ಮೊಟ್ಟೆ ಮತ್ತು ಚಿಪ್ಸ್ ಅಂದರೆ ಇಷ್ಟ. ಒಬ್ಬ ಹುಡುಗನಿಗೆ ಫುಟ್‌ಬಾಲ್ ಇಷ್ಟ, ಜೊತೆಗೆ ಜನರನ್ನು ನಗಿಸುವುದು ಇಷ್ಟ.

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಪಿತೃಪಕ್ಷದಲ್ಲಿ ಎಡೆ ಇಡುವಾಗ ನಾವು ಮಾಡುವುದೂ ಇದೇ ತಾನೇ. ಅಪ್ಪನಿಗೆ ಅಂತ ಮುದ್ದೆ, ನಾಟಿಕೋಳಿ ಸಾರು. ಅಜ್ಜಿಗೆ ಎಲೆ ಅಡಿಕೆ. ಚಿಕ್ಕಪ್ಪನಿಗೆ ಒಂದು ಕಟ್ಟು ಬೀಡಿ, ಕೆಲವು ಮನೆಗಳಲ್ಲಿ ಕ್ವಾರ್ಟರ್ ಬಾಟ್ಲಿಯೂ ಇರುತ್ತೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಹೊಸ ಪಂಚೆ, ಸೀರೆ ಇಟ್ಟು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಧೂಪ ಹಾಕುತ್ತೇವೆ.

ತಿಥಿ ಮಾಡಿಸುವ ಮನೆಗಳಲ್ಲಿ ಧರ್ಮಪಿಂಡ ಅಂತಲೂ ಇಡುತ್ತಾರೆ. ಮಕ್ಕಳಿಲ್ಲದೆ, ಬಂಧುಬಳಗ ಇಲ್ಲದೆ, ಪಿಂಡ ಇಡುವವರೇ ಇಲ್ಲದೆ ಹೋದವರಿಗೂ ಒಂದು ಪಾಲು. "ಅವರಿಗೂ ನಮಗೂ ಏನು ಸಂಬಂಧ" ಅಂತ ಕೇಳುವವರಿಗೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಉತ್ತರ ಇಲ್ಲ. ನರಮೇಧದಲ್ಲಿ ಮನೆಗೆ ಮನೆಯೇ ಹೋಗಿರುತ್ತೆ, ಅಳುವುದಕ್ಕೂ ಒಬ್ಬರು ಉಳಿದಿರುವುದಿಲ್ಲ. ರುವಾಂಡಾದಲ್ಲಿ ಬದುಕುಳಿದ ಯುವಕ ಯುವತಿಯರ ಒಂದು ಸಂಘ ಹೀಗೆ ಪೂರ್ತಿ ಅಳಿದು ಹೋದ ಮನೆಗಳನ್ನು ಊರೂರು ಸುತ್ತಿ ಪಟ್ಟಿ ಮಾಡಿದೆ, ಅವರನ್ನು ನೆನೆಯುವುದಕ್ಕೇ ಬೇರೆ ಒಂದು ಕಾರ್ಯಕ್ರಮ ಮಾಡುತ್ತದೆ.

ಇನ್ನು ಬೋಸ್ನಿಯಾದ ಸ್ರೆಬ್ರೆನಿಕಾ. ವಿಶ್ವಸಂಸ್ಥೆಯೇ ಸುರಕ್ಷಿತ ಅಂತ ಸಾರಿದ್ದ ಊರು. 1995ರ ಜುಲೈ 11ರಂದು ಬೋಸ್ನಿಯಾ ಸರ್ಬರ ಸೇನೆ ಅದನ್ನು ಹಿಡಿದು, ಮುಂದಿನ ಕೆಲವೇ ದಿನಗಳಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದಿತು. ಆಮೇಲೆ ಸಾಕ್ಷಿ ಸಿಗಬಾರದು ಅಂತ ಹೂತಿದ್ದ ಗುಂಡಿಗಳನ್ನು ಯಂತ್ರದಲ್ಲಿ ಬಗೆದು ಹೆಣಗಳನ್ನು ಬೇರೆ ಕಡೆ ಸಾಗಿಸಿದರು. ಹಾಗಾಗಿ ಒಬ್ಬನ ಮೂಳೆಗಳೇ ಎರಡು ಮೂರು ಗುಂಡಿಗಳಲ್ಲಿ ಸಿಕ್ಕಿದ್ದುಂಟು. ಮನೆಯವರ ರಕ್ತ ತೆಗೆದುಕೊಂಡು, ಡಿಎನ್‌ಎ ಹೋಲಿಸಿ ಯಾರು ಅಂತ ಗುರುತು ಹಿಡಿಯುತ್ತಾರೆ. ಗುರುತು ಸಿಕ್ಕವರನ್ನು ವರ್ಷಾ ವರ್ಷ ಜುಲೈ 11ಕ್ಕೆ ಊರ ಪಕ್ಕದ ಪೊಟೊಚಾರಿಯ ಸ್ಮಾರಕದಲ್ಲಿ ಮಣ್ಣು ಮಾಡುತ್ತಾರೆ. ಮೂವತ್ತು ವರ್ಷವಾದರೂ ಮುಗಿದಿಲ್ಲ. ಮಗನ ಒಂದೆರಡು ಮೂಳೆ ಮಾತ್ರ ಸಿಕ್ಕಿದೆ ಅಂದುಕೊಳ್ಳಿ, ಅಷ್ಟನ್ನೇ ಮಣ್ಣು ಮಾಡುವುದೋ ಅಥವಾ ಉಳಿದದ್ದೂ ಸಿಗಲಿ ಅಂತ ಕಾಯುವುದೋ, ಇದನ್ನು ಅಲ್ಲಿನ ತಾಯಂದಿರು ತೀರ್ಮಾನ ಮಾಡಬೇಕು.

ಗಂಡಂದಿರನ್ನು ಕಳೆದುಕೊಂಡ ಅಲ್ಲಿನ ಹೆಂಗಸರು ಹೇಳಿಕೊಂಡ ಒಂದು ಕೊರಗು, ಜೊತೆಯಲ್ಲಿ ಕೂತು ಕಾಫಿ ಕುಡಿಯುವುದಕ್ಕೆ ಯಾರೂ ಇಲ್ಲವಲ್ಲ ಅನ್ನುವುದು. ಅದನ್ನು ಕೇಳಿಸಿಕೊಂಡ ಬೋಸ್ನಿಯಾ ಮೂಲದ ಕಲಾವಿದೆ ಐದಾ ಶೆಹೊವಿಚ್ 2006ರಿಂದ ಬೇರೆ ಬೇರೆ ಊರಿನ ಸರ್ಕಲ್‌ಗಳಲ್ಲಿ ಜುಲೈ 11ಕ್ಕೆ ಕಾಫಿ ಕಾಯಿಸಿ, ಜನ ಕೊಟ್ಟ ಪುಟ್ಟ ಪಿಂಗಾಣಿ ಕಪ್ಪುಗಳಲ್ಲಿ ತುಂಬಿಸಿ ನೆಲದ ಮೇಲೆ ಜೋಡಿಸುತ್ತಾ ಬಂದರು. ದಾರಿಯಲ್ಲಿ ಹೋಗುವವರೂ ಒಂದು ಕಪ್ಪು ತುಂಬಿಸಿ ಇಡಬಹುದಿತ್ತು. ಕುಡಿಯುವ ಹಾಗಿರಲಿಲ್ಲ. 2020ರಲ್ಲಿ ಪೊಟೊಚಾರಿಯಲ್ಲೇ ಎಂಟು ಸಾವಿರಕ್ಕೂ ಜಾಸ್ತಿ ಕಪ್ಪುಗಳನ್ನು ಇಟ್ಟರು. ಬೆಳಗಾದರೆ ಫಿಲ್ಟರ್ ಮುಂದೆ ನಿಲ್ಲುವ ಮೈಸೂರಿನವರಿಗೆ ಇದು ಭಾಷಣಕ್ಕಿಂತ ಬೇಗ ತಲುಪುತ್ತೆ ಅಂತ ನನ್ನ ನಂಬಿಕೆ.

ಹೊರಗಿನದೆಲ್ಲ ಇಲ್ಲಿಗೆ ಒಗ್ಗುತ್ತೆ ಅಂತಲ್ಲ. ಜರ್ಮನಿಯಲ್ಲಿ ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ್ದೊಂದಿದೆ. ನಾಜಿಗಳು ಎಳೆದುಕೊಂಡು ಹೋದವರು ವಾಸವಿದ್ದ ಮನೆ ಮುಂದಿನ ಫುಟ್‌ಪಾತ್‌ನಲ್ಲಿ ಅಂಗೈ ಅಗಲದ ಹಿತ್ತಾಳೆ ಮುಖದ ಕಲ್ಲು ಕೂರಿಸುವುದು. ಒಂದು ಕಲ್ಲಿಗೆ ಒಬ್ಬರು: ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಏನಾಯಿತು. ಯುರೋಪಿನಲ್ಲಿ ಈಗ ಒಂದು ಲಕ್ಷಕ್ಕೂ ಜಾಸ್ತಿ ಇವೆ. ಓದಬೇಕಾದರೆ ಬಗ್ಗಲೇಬೇಕು, ಅದು ಚೆನ್ನಾಗಿದೆ. ಆದರೆ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು, ಸತ್ತವರ ಹೆಸರು ತುಳಿದುಕೊಂಡು ಓಡಾಡುವುದುಂಟೇ? ಮ್ಯೂನಿಕ್‌ನ ಯಹೂದಿ ಸಮುದಾಯದ ಮುಖ್ಯಸ್ಥೆ ಷಾರ್ಲೊಟ್ ಕ್ನೊಬ್ಲೊಕ್ ಕೂಡ ಇದೇ ಕಾರಣಕ್ಕೆ ಬೇಡ ಅಂದರು. ಆ ನಗರದಲ್ಲಿ ಫುಟ್‌ಪಾತ್ ಬಿಟ್ಟು ಗೋಡೆ, ಕಂಬಗಳ ಮೇಲೆ ಕಣ್ಣಿನ ಎತ್ತರಕ್ಕೆ ಹೆಸರು ಹಾಕುತ್ತಾರೆ. ನಮಗೂ ಅದೇ ಸರಿ. ನಮ್ಮ ಬಡಾವಣೆಯ ಫುಟ್‌ಪಾತ್‌ನಲ್ಲಿ ಇರುವ ಕಲ್ಲುಗಳೇ ನೆಟ್ಟಗೆ ನಿಲ್ಲುವುದಿಲ್ಲ, ಆ ಮಾತು ಬೇರೆ.

ಇದೆಲ್ಲ ದೂರದ ದೇಶದ್ದು ಅನ್ನುವವರು ಬೈಲಕುಪ್ಪೆಗೆ ಹೋಗಿ ಬರಲಿ. ನಮ್ಮದೇ ಪಿರಿಯಾಪಟ್ಟಣ ತಾಲೂಕು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಕೊಟ್ಟು ಟಿಬೆಟ್‌ನಿಂದ ಓಡಿ ಬಂದವರಿಗೆ ಅಲ್ಲಿ ನೆಲೆ ಮಾಡಿಕೊಟ್ಟಿತು. ಅದೇ 1960ರಲ್ಲಿ ನ್ಯಾಯಶಾಸ್ತ್ರಜ್ಞರ ಅಂತರರಾಷ್ಟ್ರೀಯ ಆಯೋಗ, ಟಿಬೆಟನ್ನರನ್ನು ಒಂದು ಧಾರ್ಮಿಕ ಸಮೂಹವಾಗಿ ಇಲ್ಲವಾಗಿಸುವ ಪ್ರಯತ್ನದಲ್ಲಿ ನರಮೇಧದ ಕೃತ್ಯಗಳು ನಡೆದಿವೆ ಅಂತ ವರದಿ ಕೊಟ್ಟಿತು. ಚೀನಾ ಇದನ್ನು ಒಪ್ಪುವುದಿಲ್ಲ. ಲಾಸಾದಲ್ಲಿ 1959ರ ಮಾರ್ಚ್ 10ರಂದು ಜನ ಚೀನಾದ ವಿರುದ್ಧ ಎದ್ದು ನಿಂತದ್ದನ್ನು ಟಿಬೆಟನ್ನರು ಪ್ರತಿ ವರ್ಷ ಅದೇ ತಾರೀಕು ಸೇರಿ ನೆನೆಯುತ್ತಾರೆ. ನಾವು ಭಾನುವಾರ ಹೋಗಿ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದು, ಮೊಮೊ ತಿಂದು ವಾಪಸ್ ಬರುತ್ತೇವೆ. ಅರವತ್ತು ವರ್ಷ ದಾಟಿದ ನೆರೆಹೊರೆ, ಮಾರ್ಚ್ 10ಕ್ಕೆ ಒಂದು ಸಲ ಹೋಗಿ ಅವರ ಜೊತೆ ಸುಮ್ನೆ ನಿಂತು ಬಂದರೆ ಆಗಲ್ವಾ?

ನಡುವೆ ಇನ್ನೊಂದು ವಿಷಯ. 1948ರ ಒಪ್ಪಂದಕ್ಕೆ ಭಾರತ 1949ರಲ್ಲಿ ಸಹಿ ಹಾಕಿ, 1959ರಲ್ಲಿ ಅನುಮೋದನೆ ಕೊಟ್ಟಿದೆ. ಅದರ ಪ್ರಕಾರ ನಮ್ಮಲ್ಲೂ ಒಂದು ಕಾನೂನು ಬರಬೇಕಿತ್ತು. ಬಂದಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ನರಮೇಧ ಅನ್ನುವ ಪ್ರತ್ಯೇಕ ಅಪರಾಧ ಇಲ್ಲ. ನಮ್ಮ ಸಂಸದರಲ್ಲಿ ಯಾರಾದರೂ ಈ ಪ್ರಶ್ನೆ ಕೇಳಬಹುದು.

ಈಗ ತಕರಾರಿಗೆ ಬರೋಣ. ಇಂಥದ್ದೊಂದು ಮಾಡೋಣ ಅಂದ ಕೂಡಲೇ "ಅವರದ್ದು ನೆನೆಯುತ್ತೀರಿ, ನಮ್ಮದು ಯಾಕಿಲ್ಲ" ಅಂತ ಶುರುವಾಗುತ್ತೆ. ಮಂಡ್ಯದಲ್ಲಿ ಆ ಮಾತು ಮೇಲುಕೋಟೆಗೆ ಬಂದು ನಿಲ್ಲುತ್ತೆ, ಅದನ್ನು ಬಿಟ್ಟು ಬರೆದರೆ ನಾನು ಜಾರಿಕೊಂಡ ಹಾಗೆ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕ ಚತುರ್ದಶಿ ಹಬ್ಬ ಮಾಡುವುದಿಲ್ಲ. ಟಿಪ್ಪು ಕಾಲದಲ್ಲಿ ಆ ದಿನ ತಮ್ಮವರನ್ನು ಕೊಂದರು ಅನ್ನುವುದು ಆ ಮನೆಗಳ ನೆನಪು. ಏನು ನಡೆಯಿತು, ಎಷ್ಟು ಜನ ಅನ್ನುವುದರಲ್ಲಿ ಇತಿಹಾಸ ಬರೆಯುವವರಿಗೆ ಒಮ್ಮತವಿಲ್ಲ, ಅದನ್ನು ಅವರು ದಾಖಲೆ ಮುಂದಿಟ್ಟುಕೊಂಡು ಮಾತಾಡಿಕೊಳ್ಳಲಿ. ಟಿಪ್ಪು ಹೆಸರು ಬಂದಾಗಲೆಲ್ಲ ಟಿವಿಯವರು, ಪಕ್ಷದವರು ಆ ಮನೆಗಳನ್ನು ಬೀದಿಗೆ ಎಳೆಯುತ್ತಾರಲ್ಲ, ಅದು ನನಗೆ ಸಂಕಟ. ಒಬ್ಬರಿಗೆ ಇವತ್ತಿನ ಪಕ್ಕದ ಮನೆಯವರನ್ನು ಬೈಯುವುದಕ್ಕೆ ಬೇಕು, ಇನ್ನೊಬ್ಬರಿಗೆ ಎಲ್ಲ ಕಟ್ಟುಕಥೆ ಅಂತ ತಳ್ಳಿಹಾಕುವುದಕ್ಕೆ ಬೇಕು. ದೀಪ ಹಚ್ಚದ ಮನೆಯವರು ಇಬ್ಬರನ್ನೂ ಕರೆದಿರಲಿಲ್ಲ. ಸತ್ತವರ ಹೆಸರು ಹೇಳಿಕೊಂಡು ಬದುಕಿರುವವರ ಮೇಲೆ ಕೈ ಎತ್ತುವುದಾದರೆ ಅಂಥ ಸಭೆ ನಡೆಯದೆ ಇರುವುದೇ ವಾಸಿ. ರುವಾಂಡಾದ ರೇಡಿಯೊ ಮಾಡಿದ್ದೂ ಅದನ್ನೇ, ಹಳೇ ಲೆಕ್ಕ ತೆಗೆದು ತೆಗೆದು ಹೇಳಿ ಜನರನ್ನು ಕೆರಳಿಸಿದ್ದು.

ಮುಂದಿನ ಡಿಸೆಂಬರ್ 9ಕ್ಕೆ ಹೀಗೆ ಮಾಡಬಹುದಾ ನೋಡಿ. ಪುರಭವನದ ಮುಂದಿನ ಜಾಗವಾದರೂ ಸರಿ, ಮಾನಸಗಂಗೋತ್ರಿಯ ಬಯಲು ರಂಗಮಂದಿರವಾದರೂ ಸರಿ. ಸಂಜೆ ಐದಕ್ಕೆಲ್ಲ ಶುರುವಾಗಲಿ, ಹಳ್ಳಿಯಿಂದ ಬರುವ ಹುಡುಗಿಯರು ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕು. ಒಂದು ಮೈಕು. ಬಂದವರು ಸಾಲಾಗಿ ಬಂದು ತಲಾ ಹತ್ತು ಹೆಸರು ಓದಿ, ಒಂದು ಲೋಟ ಕಾಫಿ ತುಂಬಿಸಿ ಇಟ್ಟು ಹೋಗಲಿ. ಹೆಸರು ಎಲ್ಲಿಂದ ತರುವುದು ಅಂತೀರಾ? ನಾಜಿಗಳು ಕೊಂದ ಯಹೂದಿಗಳ ಹೆಸರು ಕೂಡಿಸಿಟ್ಟಿರುವ ಜೆರುಸಲೇಮಿನ ಯಾದ್ ವಶೆಮ್ ಸಂಸ್ಥೆಯ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಲಕ್ಷಾಂತರ ಹೆಸರಿವೆ. ಪೊಟೊಚಾರಿಯದ್ದು ಕಲ್ಲಿನ ಮೇಲೇ ಇದೆ.

ನಾನು ಮೇಷ್ಟ್ರು ಜಾತಿಯವಳು, ಹಾಗಾಗಿ ನನ್ನ ಪಟ್ಟಿ ಪಾಠ ಹೇಳಿದವರಿಂದ ಶುರುವಾಗುತ್ತೆ. ಗೋವಿಂದ ಚಂದ್ರ ದೇವ್, ಢಾಕಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದವರು, 1971ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಸೇನೆ ಕೊಂದಿತು. ಜ್ಯೋತಿರ್ಮಯ ಗುಹಠಾಕುರ್ತ, ಅಲ್ಲೇ ಇಂಗ್ಲಿಷ್ ಹೇಳುತ್ತಿದ್ದವರು, ಅದೇ ದಿನಗಳಲ್ಲಿ ಗುಂಡೇಟು ತಿಂದು ತೀರಿಕೊಂಡರು. ಆಗಾತೆ ಉವಿಲಿಂಗಿಯಿಮಾನ, ರುವಾಂಡಾದ ಪ್ರಧಾನಿ, ಉಗ್ರರಿಗೆ ಎದುರಿದ್ದ ಹುಟು ಹೆಂಗಸು, ಮೊದಲು ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ್ದವರು, ಏಪ್ರಿಲ್ 7ರಂದೇ ಕೊಂದರು. ದಾನಿಯೆಲ್ ವರುಜಾನ್, ಅರ್ಮೇನಿಯನ್ ಕವಿ, ಶಾಲಾ ಮೇಷ್ಟ್ರು, ಒಟ್ಟೋಮನ್ ತುರ್ಕರ ಆಳ್ವಿಕೆಯಲ್ಲಿ ಅರ್ಮೇನಿಯನ್ನರ ನರಮೇಧ ನಡೆದಾಗ 1915ರಲ್ಲಿ ಕೊಂದರು. ಯಾನುಷ್ ಕೊರ್ಚಾಕ್, ವಾರ್ಸಾದಲ್ಲಿ ಅನಾಥ ಮಕ್ಕಳನ್ನು ಸಾಕಿದ ಡಾಕ್ಟರು, ತಪ್ಪಿಸಿಕೊಳ್ಳುವ ದಾರಿ ಇದ್ದರೂ 1942ರ ಆಗಸ್ಟ್‌ನಲ್ಲಿ ಮಕ್ಕಳ ಜೊತೆ ನಾಜಿಗಳ ಕೊಲೆ ಶಿಬಿರವಾದ ಟ್ರೆಬ್ಲಿಂಕಾದ ರೈಲು ಹತ್ತಿದವರು.

ಉಳಿದ ಹೆಸರುಗಳನ್ನು ಕನ್ನಡದಲ್ಲಿ ಬರೆದು ಕೊಡುವ ಕೆಲಸ ನಾನು ಮಾಡುತ್ತೇನೆ, ಬೋರ್ಡ್ ಮೇಲೆ ಬರೆದು ಬರೆದು ಅಕ್ಷರ ದುಂಡಗಿದೆ. ಆದರೆ ರುವಾಂಡಾದ, ಬೋಸ್ನಿಯಾದ ಹೆಸರುಗಳ ಉಚ್ಚಾರ ತಿಳಿದವರು ಜೊತೆಗೆ ಬೇಕು. ಟಿಬೆಟನ್ ಹೆಸರುಗಳನ್ನು ಬೈಲಕುಪ್ಪೆಯವರನ್ನೇ ಕೇಳಿ ಬರೆಯಬೇಕು, ಅದಕ್ಕೆ ಈಗಿನಿಂದಲೇ ಕೂರಬೇಕು. ಕೈ ಜೋಡಿಸುವವರು ಇದ್ದರೆ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಲಿ, ಅದನ್ನು ನನಗೆ ತಲುಪಿಸುವ ಉಪಕಾರ ನೀವು ಮಾಡಿ.

ಇಂತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಕುವೆಂಪುನಗರ, ಮೈಸೂರು